ತಾರಸಿ ಖಾಲಿ ಇದೆಯೆಂದುಕೊಂಡು

ಕೆಲವರಿಗೆ ಬಿ.ಪಿ. ಇರುತ್ತದೆ, ಕೆಲವರಿಗೆ ಶುಗರ್ ಇರುತ್ತದೆ. ನನಗಿರುವುದು ಉಮೇದು. ಅದಕ್ಕೆ ಮಾತ್ರೆಯಿಲ್ಲ, ಪಥ್ಯವಿಲ್ಲ, ಕುಂದಾಪುರದ ಯಾವ ಡಾಕ್ಟರರ ಹತ್ತಿರವೂ ಮದ್ದಿಲ್ಲ. ಹೊಸ ವಸ್ತುವೊಂದರ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮೊದಲು ನನ್ನ ಬಲ ಅಂಗೈ ತುರಿಸಲು ಶುರುವಾಗುತ್ತದೆ. ಆಮೇಲೆ ಊಟ ರುಚಿಸುವುದಿಲ್ಲ. ಎದುರು ಸಿಕ್ಕವರ ಹತ್ತಿರವೆಲ್ಲ ಅದರದೇ ಮಾತು. ಕೊನೆಗೆ ಆ ವಸ್ತು ನಮ್ಮ ಮನೆಗೆ ಬಂದು ಇಳಿದ ಮೇಲೆಯೇ ಜ್ವರ ಬಿಡುವುದು. ತೆಂಗಿನ ಮರ ಹತ್ತುವ ಯಂತ್ರ ಬಂದಾಗ ಊರಿನಲ್ಲಿ ಎಲ್ಲರಿಗಿಂತ ಮೊದಲು ತರಿಸಿದವನು ನಾನು. ಅದನ್ನು ಕಾಲಿಗೆ ಕಟ್ಟಿಕೊಂಡು ಅರ್ಧ ಮರದವರೆಗೆ ಹೋಗಿ, ಅಲ್ಲಿಂದ ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ, ಹೈವೇಯಲ್ಲಿ ಓಡುವ ಬಸ್ಸುಗಳ ನೆತ್ತಿ ನೋಡುತ್ತಾ ನಿಂತವನೂ ನಾನೇ. ಇಂಥ ಗಂಡನ ಜೊತೆ ಬಾಳಿದ ನನ್ನ ಹೆಂಡತಿ ವಾರಿಜ ಈಗ ಒಂದು ಕ್ರಮ ಮಾಡಿಕೊಂಡಿದ್ದಾಳೆ. ನಾನು ಕಣ್ಣು ಅರಳಿಸಿಕೊಂಡು ಒಳಗೆ ಬಂದರೆ ಅವಳು ಒಂದು ಮಾತೂ ಆಡುವುದಿಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟು, ಹತ್ತಿರ ಏನಿದೆಯೋ ಅದರ ಮೇಲೆ ಕುಳಿತುಬಿಡುತ್ತಾಳೆ. ನಿಂತು ಕೇಳಿದರೆ ತಲೆ ತಿರುಗುತ್ತದಂತೆ.

ಸಾಲಿಗ್ರಾಮದಲ್ಲಿ ಹೈವೇಗೆ ತಾಗಿಕೊಂಡು ನಮ್ಮದೊಂದು ತೆಂಗಿನೆಣ್ಣೆ ಮಿಲ್ಲು ಇದೆ. ಅಪ್ಪಯ್ಯ ಕಟ್ಟಿಸಿದ್ದು. ಎದುರಿಗೆ ಮಿಲ್ಲು, ಹಿಂದೆ ಮನೆ, ನಡುವೆ ಅಂಗಳ. ಬಿಜೂರಿನಿಂದ, ಅಮಾಸೆಬೈಲಿನಿಂದ ತೆಂಗಿನಕಾಯಿ ಬಂದು ಇಳಿಯುತ್ತದೆ. ಇಲ್ಲಿ ಕೊಬ್ಬರಿಯಾಗಿ, ಗಾಣಕ್ಕೆ ಬಿದ್ದು, ಎಣ್ಣೆಯಾಗಿ ಹೊರಡುತ್ತದೆ. ಬಾಗಿಲ ಮೇಲೆ ಅಪ್ಪಯ್ಯ ಬರೆಸಿದ ಬೋರ್ಡು ಈಗಲೂ ಇದೆ: ‘ಬಿಸಿಲಿನಲ್ಲಿ ಒಣಗಿದ ಕೊಬ್ಬರಿಯ ಅಪ್ಪಟ ಎಣ್ಣೆ’. ದಿನವೂ ಅದರ ಕೆಳಗೇ ಓಡಾಡುವ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಆ ಬೋರ್ಡನ್ನು ಓದುತ್ತಾರೆ ಎಂಬುದು ನನಗೆ ತಡವಾಗಿ ತಿಳಿಯಿತು. ಇನ್ನು ಗಾಣದ ಮೋಟಾರು. ಕರೆಂಟು ಕುಡಿಯುವುದರಲ್ಲಿ ಅದು ಎತ್ತಿದ ಕೈ. ಬಿಲ್ಲು ಬಂದ ದಿನ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡುವುದಿಲ್ಲ.

ಈ ಹೊಟ್ಟೆನೋವಿನ ನಡುವೆ ಶೀನ ಶೆಟ್ಟರ ಮಿಲ್ಲಿಗೆ ಸೋಲಾರ್ ಬಂತು. ಶೆಟ್ಟರು ನನ್ನ ಶಾಲೆಯ ಗೆಳೆಯ. ಮುಂಬಯಿಯಲ್ಲಿ ಹೋಟೆಲು ನಡೆಸಿ, ಸಾಕೆನಿಸಿ, ಊರಿಗೆ ಬಂದು ಬ್ರಹ್ಮಾವರದ ಹತ್ತಿರ ಅಕ್ಕಿ ಮಿಲ್ಲು ಹಾಕಿದವರು. ಮಿಲ್ಲಿನ ತಗಡಿನ ಮಾಡಿನ ಮೇಲೆ ಉದ್ದಕ್ಕೂ ಪ್ಯಾನೆಲು ಹೊದಿಸಿದ್ದಾರೆ ಎಂದು ಕೇಳಿದ್ದೆ. ಕೇಳುವುದು ಬೇರೆ, ಅನುಭವಿಸುವುದು ಬೇರೆ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕುಳಿತಿದ್ದೆ. ಪಾಯಸ ಬಡಿಸುವವನು ಸೌಟು ಹಿಡಿದು ನಿಂತೇ ಇದ್ದಾನೆ, ಶೆಟ್ಟರು ಎಡಗೈಯಲ್ಲಿ ಫೋನು ಹಿಡಿದು ಅದನ್ನೇ ನೋಡುತ್ತಿದ್ದಾರೆ. ಯಾರಿಗೋ ಮೈಯಲ್ಲಿ ಹುಷಾರಿಲ್ಲವೇನೋ ಎಂದು ನಾನು ಬಗ್ಗಿ ನೋಡಿದರೆ ಫೋನಿನೊಳಗೆ ಒಂದು ಹಸಿರು ಗುಡ್ಡ. ಬೆಳಿಗ್ಗೆ ಏರಿ, ಮಧ್ಯಾಹ್ನಕ್ಕೆ ತುದಿ ಮುಟ್ಟಿ, ಸಂಜೆಗೆ ಇಳಿಯುವ ಗುಡ್ಡ. ಶೆಟ್ಟರು ನನ್ನ ಕಡೆ ತಿರುಗಿ, ತಮ್ಮ ಜೀವಮಾನದ ತೃಪ್ತಿಯನ್ನೆಲ್ಲ ಸೇರಿಸಿ ಹೇಳಿದರು: “ಹ್ವಾಯ್ ಹೊಳ್ರೆ, ನಾವ್ ಇಲ್ಲ್ ಉಂಬುದ್, ಅಲ್ಲ್ ಕರೆಂಟ್ ಆಪುದ್.”

ಆ ದಿನದ ಪಾಯಸ ಗೋಧಿಯದೋ ಕಡಲೆಯದೋ ನನಗೆ ನೆನಪಿಲ್ಲ. ಬಲ ಅಂಗೈ ಪಾಯಸದಲ್ಲಿ ಅದ್ದಿದ್ದರೂ ತುರಿಸುತ್ತಿದ್ದುದು ಮಾತ್ರ ಚೆನ್ನಾಗಿ ನೆನಪಿದೆ.

ಮರುದಿನವೇ ಸೋಲಾರ್ ಹಾಕುವ ಪ್ರದೀಪನಿಗೆ ಫೋನು ಮಾಡಿದೆ. ಕೋಟೇಶ್ವರದ ಇಂಜಿನಿಯರು, ಮರ್ಯಾದೆಯ ಮನುಷ್ಯ, ಮಾತು ಕಡಿಮೆ. ಅವನು ಬಂದದ್ದು ಸೋಣೆ ತಿಂಗಳಲ್ಲಿ, ಮಳೆ ಒಂದಿಷ್ಟು ಬಿಟ್ಟು ಬಿಟ್ಟು ಬರುವಾಗ. ಆ ಕಾಲದಲ್ಲಿ ನಮ್ಮ ಮಿಲ್ಲು ಅರ್ಧ ನಿದ್ದೆಯಲ್ಲಿರುತ್ತದೆ. ಬೇಸಗೆಯಲ್ಲಿ ಕೂಡಿಟ್ಟ ಕೊಬ್ಬರಿಯನ್ನು ಆಗಾಗ ಗಾಣಕ್ಕೆ ಹಾಕಿ ದಿನ ದೂಡುವುದು. ನಾವಿಬ್ಬರೂ ಕೊಡೆ ಹಿಡಿದು ಮಿಲ್ಲಿನ ತಾರಸಿಗೆ ಹತ್ತಿದೆವು. ಎಂಥ ತಾರಸಿ ಅಂತೀರಿ! ಊರಿನವರೆಲ್ಲ ಹೆಂಚು ಹೊದಿಸುತ್ತಿದ್ದ ಕಾಲದಲ್ಲಿ ಅಪ್ಪಯ್ಯ ಹಟ ಹಿಡಿದು ಕಾಂಕ್ರೀಟು ಹಾಕಿಸಿದ್ದರು. ವಿಶಾಲವಾಗಿ, ಸಪಾಟಾಗಿ, ಸುತ್ತ ಒಂದು ಮರದ ನೆರಳೂ ಬೀಳದ ಹಾಗೆ. ಅಪ್ಪಯ್ಯ ಯಾಕೆ ಹಾಗೆ ಹಟ ಹಿಡಿದರು ಎಂದು ಆ ಕ್ಷಣ ಒಂದು ಸಲ ಯೋಚಿಸಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣಿಗೆ ಕಂಡದ್ದು ಹಸಿರು ಹಾವಸೆ, ಮೂಲೆಯಲ್ಲಿ ನಿಂತ ನೀರು, ಮತ್ತು ಅದರ ಮೇಲೆ ನನ್ನ ಕಲ್ಪನೆಯ ಪ್ಯಾನೆಲುಗಳು. ಪ್ರದೀಪ ಟೇಪು ಹಿಡಿದು ಅಳೆದ. ಅಳೆದು ಮುಗಿಸಿ, “ಸರ್, ತಾರ್ಸಿಗೆ ಬೇರೆ ಎಂತಾರೂ ಕೆಲ್ಸ ಇತ್ತಾ? ಇದ್ರೆ ಅಷ್ಟ್ ಜಾಗ ಬಿಡ್ವ,” ಎಂದ.

“ಹಾವ್ಸೆ ಬೆಳುಕೆ ಬಿಟ್ರೆ ಬೇರೆಂತದೂ ಇಲ್ಲೆ. ಒಂದ್ ಮೂಲೆನೂ ಬಿಡ್ಬೇಡಿ,” ಎಂದೆ ನಾನು.

ವಾರಿಜ ಕೇಳಲಿಲ್ಲವೇ ಎಂದರೆ ಕೇಳಿದಳು. ಅವಳು ಸೌತೆಕಾಯಿ ಹೆಚ್ಚುತ್ತಿದ್ದಳು. ನಾನು ಕಣ್ಣು ಅರಳಿಸಿಕೊಂಡು ಬಂದೆ. ಅವಳು ಮಣೆಯ ಮೇಲೆ ಮೊದಲೇ ಕುಳಿತಿದ್ದುದರಿಂದ ಹೊಸದಾಗಿ ಕೂರುವ ತೊಂದರೆ ಇರಲಿಲ್ಲ. ಎಲ್ಲ ಕೇಳಿಯಾದ ಮೇಲೆ, “ತಾರ್ಸಿ ಪೂರ್ತಿ ಹಾಕುದಾ?” ಎಂದಷ್ಟೇ ಅಂದಳು. ಆ ಪ್ರಶ್ನೆಯೊಳಗೆ ಏನಿದೆ ಎಂದು ನೋಡುವ ಬದಲು ನಾನು ಪ್ಯಾನೆಲು ಎಷ್ಟು ಓರೆ ಇರಬೇಕು, ಅದಕ್ಕೆ ಬಿದ್ದ ಬಿಸಿಲು ಹೇಗೆ ಕರೆಂಟಾಗಿ ಇನ್ವರ್ಟರಿಗೆ ಬರುತ್ತದೆ, ನಮಗೆ ಬೇಡದ ಕರೆಂಟು ತಂತಿಯಲ್ಲಿ ಹಿಂದಕ್ಕೆ ಹೋಗಿ ಹೇಗೆ ಜಮಾ ಆಗುತ್ತದೆ ಎಂದು ವಿವರಿಸಲು ತೊಡಗಿದೆ. ಮುಗಿಸುವಾಗ ಹುಳಿ ಕುದಿದು ಇಳಿದಿತ್ತು.

ಅಡ್ಡಿ ಬಂದದ್ದು ಬೇರೆ ಕಡೆಯಿಂದ. ಪ್ಯಾನೆಲುಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಕೂರಬೇಕು ಎಂಬ ಸಂಗತಿ ನಮ್ಮ ಮನೆಯ ಪುರೋಹಿತರ ಕಿವಿಗೆ ಬಿತ್ತು. ಅವರು ಬಂದು ಜಗಲಿಯಲ್ಲಿ ಕುಳಿತು, ದಕ್ಷಿಣ ಯಮನ ದಿಕ್ಕು, ವ್ಯಾಪಾರದ ಜಾಗದಲ್ಲಿ ಹೊಸ ವಸ್ತು ಇಡುವಾಗ ಪೂರ್ವಕ್ಕೋ ಉತ್ತರಕ್ಕೋ ಮುಖ ಇರುವುದು ಲೇಸು ಎಂದರು. ಉತ್ತರಕ್ಕೆ ಮುಖ ಮಾಡಿದರೆ ಬರುವ ಕರೆಂಟು ಕಡಿಮೆಯಾಗುತ್ತದೆ ಎಂದು ಪ್ರದೀಪ ಮೊದಲೇ ಹೇಳಿದ್ದ. ಶೀನ ಶೆಟ್ಟರ ಗುಡ್ಡಕ್ಕಿಂತ ನನ್ನ ಗುಡ್ಡ ಗಿಡ್ಡವಾಗುವುದನ್ನು ಯಮನಿಗಾಗಿ ಕೂಡ ಒಪ್ಪಲು ನಾನು ತಯಾರಿರಲಿಲ್ಲ. ಕೊನೆಗೆ ಪುರೋಹಿತರೇ ದಾರಿ ತೋರಿಸಿದರು. ಪ್ಯಾನೆಲು ದಕ್ಷಿಣ ನೋಡಲಿ, ಸ್ವಿಚ್ಚು ಹಾಕುವ ಯಜಮಾನ ಪೂರ್ವಕ್ಕೆ ನಿಂತು ಹಾಕಿದರೆ ಸಾಕು ಎಂದು ತೀರ್ಮಾನವಾಯಿತು. ಹಾಗೆ ನಾನು ಗೋಡೆಯ ಇನ್ವರ್ಟರಿಗೆ ಬೆನ್ನು ಮಾಡಿ, ಕೈಯನ್ನು ಹಿಂದಕ್ಕೆ ತಿರುಚಿ, ಪೂರ್ವಾಭಿಮುಖವಾಗಿ ಸ್ವಿಚ್ಚು ಒತ್ತಿದೆ. ಭುಜ ಹಿಡಿದುಕೊಂಡದ್ದು ಬಿಡಲು ಒಂದು ವಾರ ಬೇಕಾಯಿತು.

ಆದರೆ ಆ ಸಂತೋಷ! ಅದನ್ನು ಏನು ಹೇಳಲಿ. ಮೋಡದ ಎಡೆಯಿಂದ ಬಿಸಿಲು ಇಣುಕಿದರೆ ಫೋನಿನ ಗೆರೆ ಜಿಗಿದು ಮೇಲೇಳುತ್ತಿತ್ತು. ಮೋಡ ಮುಚ್ಚಿದರೆ ಬಿದ್ದುಬಿಡುತ್ತಿತ್ತು. ಬಿಸಿಲು ಬಂದಿದೆಯೇ ಎಂದು ನೋಡಲು ನಾನು ಕಿಟಕಿಯ ಕಡೆ ತಿರುಗುವುದನ್ನೇ ಬಿಟ್ಟೆ, ಫೋನು ನೋಡಿದರೆ ಮುಗಿಯಿತು. ಎಣ್ಣೆ ಕೊಳ್ಳಲು ಬಂದವರನ್ನು ಮೊದಲು ತಾರಸಿಗೆ ಹತ್ತಿಸಿ ಆಮೇಲೆ ಎಣ್ಣೆ ಕೊಡುತ್ತಿದ್ದೆ. ಮೊಣಕಾಲು ನೋವಿನವರು ಬೇರೆ ಅಂಗಡಿಗೆ ಹೋಗತೊಡಗಿದರಂತೆ. ಶೀನ ಶೆಟ್ಟರಿಗೆ ದಿನಾ ಸಂಜೆ ಫೋನು ಮಾಡಿ, ನಿಮ್ಮಲ್ಲಿ ಎಷ್ಟಾಯಿತು, ನಮ್ಮಲ್ಲಿ ಇಷ್ಟಾಯಿತು ಎಂದು ಲೆಕ್ಕ ಒಪ್ಪಿಸುವುದು ರೂಢಿಯಾಯಿತು. ಇಬ್ಬರೂ ಪರಸ್ಪರ ಹೆಂಡತಿ ಮಕ್ಕಳ ಕ್ಷೇಮ ಕೇಳುವುದನ್ನು ಮರೆತೇಬಿಟ್ಟೆವು.

ಅಷ್ಟರಲ್ಲಿ ನವರಾತ್ರಿ ಬಂತು, ಆಯುಧಪೂಜೆ. ನಮ್ಮ ಮಿಲ್ಲಿನಲ್ಲಿ ಗಾಣದಿಂದ ಹಿಡಿದು ಸ್ಕ್ರೂಡ್ರೈವರಿನವರೆಗೆ ಎಲ್ಲಕ್ಕೂ ಗಂಧ ಕುಂಕುಮ ಇಡುವ ಪದ್ಧತಿ. ಹೀಗಿರುವಾಗ ಹೊಸದಾಗಿ ಬಂದವರಿಗೆ ಇಡದಿದ್ದರೆ ಹೇಗೆ? ನಾನು ಬೆಳಿಗ್ಗೆಯೇ ತಾರಸಿಗೆ ಹತ್ತಿ, ಒಂದೊಂದು ಪ್ಯಾನೆಲಿಗೂ ಅಂಗೈಯಗಲ ಗಂಧ ಬಳಿದು, ನಡುವೆ ಕುಂಕುಮ ಇಟ್ಟು, ಉದ್ದಕ್ಕೂ ಗೊಂಡೆ ಹೂವಿನ ಮಾಲೆ ಎಳೆದು, ನಾಲ್ಕು ಮೂಲೆಗೂ ಬಾಳೆಗಿಡ ಕಟ್ಟಿದೆ. ನೋಡಲು ಎರಡು ಕಣ್ಣು ಸಾಲದು. ಸ್ವಲ್ಪ ಹೊತ್ತಿಗೆ ಪ್ರದೀಪನ ಫೋನು. ಅವನ ಕಂಪ್ಯೂಟರಿನಲ್ಲಿ ನಮ್ಮ ಗುಡ್ಡ ಕುಸಿದು ಗದ್ದೆಯ ಹಾಗೆ ಕಾಣುತ್ತಿದೆಯಂತೆ, ಸಾಲಿಗ್ರಾಮದಲ್ಲಿ ಅಷ್ಟು ಜೋರು ಮಳೆಯೇ ಎಂದು ಕೇಳಿದ. ನಾನು ಸಂಕೋಚದಿಂದ ವಿಷಯ ಹೇಳಿದೆ. ಒಂದು ಪ್ಯಾನೆಲಿನ ಮೇಲೆ ಚೂರು ನೆರಳು ಬಿದ್ದರೂ ಅದರ ಜೊತೆಗಿರುವವೂ ಮಂಕಾಗುತ್ತವೆ ಎಂದು ಅವನು ತಾಳ್ಮೆಯಿಂದ ತಿಳಿಸಿ, ಮುಂದಿನ ವರ್ಷದಿಂದ ಹಿಂಬದಿಗೆ ಕುಂಕುಮ ಇಡಬಹುದಲ್ಲ ಸರ್ ಎಂದ. ಮಂಗಳಾರತಿ ಆದ ಕೂಡಲೇ ನಾನು ಬಕೆಟು ಹಿಡಿದು ಮೇಲೆ ಹೋಗಿ ದೇವರ ಪ್ರಸಾದವನ್ನೆಲ್ಲ ತೊಳೆದೆ.

ಮಳೆ ಪೂರ್ತಿ ಹೊರಟುಹೋಗಿ ಆಕಾಶ ತೆರೆದುಕೊಂಡ ಮೇಲೆ ಕಾಗೆಗಳು ಬಂದವು. ಒಂದೆರಡಲ್ಲ, ಬಳಗ ಸಮೇತ. ಪ್ಯಾನೆಲುಗಳ ಅಂಚಿನಲ್ಲಿ ಸಾಲಾಗಿ ಕುಳಿತು ಕತ್ತು ಓರೆ ಮಾಡಿ ಕೆಳಗೆ ನೋಡುವುದು, ಮತ್ತೆ ನನ್ನನ್ನು ನೋಡುವುದು. ಅವು ಕೂಡ ಸೋಲಾರ್ ನೋಡಲು ಬಂದಿವೆ ಎಂದೇ ನಾನು ತಿಳಿದೆ. ಸುಳ್ಳೇಕೆ, ಹೆಮ್ಮೆಯೂ ಆಯಿತು. ಆದರೆ ನೋಡಿ ಹೋಗುವವರು ಗುರುತು ಬಿಟ್ಟು ಹೋಗಬಾರದಲ್ಲ. ದಿನಾ ಬೆಳಿಗ್ಗೆ ಪ್ಯಾನೆಲಿನ ಮೇಲೆ ಅವು ಬಿಟ್ಟ ಬಿಳಿ ಬೊಟ್ಟುಗಳನ್ನು ಒರೆಸುತ್ತಾ, ಇಷ್ಟು ವರ್ಷ ಇಲ್ಲದ ಈ ಕಾಟ ಎಲ್ಲಿಂದ ಬಂತು ಎಂದು ಬೈದೆ. ಇಷ್ಟು ವರ್ಷವೂ ಅವು ಇದೇ ಹೊತ್ತಿಗೆ ಇದೇ ತಾರಸಿಗೆ ಬರುತ್ತಿದ್ದವು, ಬರಲು ಅವಕ್ಕೊಂದು ಕಾರಣವಿತ್ತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಕಾಗೆಗೆ ನೆನಪಿದ್ದದ್ದು ಮಿಲ್ಲಿನ ಮಾಲೀಕನಿಗೆ ಮರೆತುಹೋಗಿತ್ತು.

ತುಳಸಿ ಪೂಜೆಯ ಮಾರನೆಯ ದಿನ ಗಿರಿಜಕ್ಕ ಬಂದಳು. ಇವಳು ಕೊಬ್ಬರಿ ಒಣಗಿಸುವ ಹೆಂಗಸರ ಮೇಸ್ತ್ರಿ. ಮಳೆಗಾಲದಲ್ಲಿ ಗದ್ದೆ ಕೆಲಸ. ಕೊಯ್ಲು ಮುಗಿದು, ತುಳಸಿ ಪೂಜೆ ಕಳೆದ ಮರುದಿನ, ಯಾರೂ ಕರೆಯದೆ ತಂಡ ಕಟ್ಟಿಕೊಂಡು ಮಿಲ್ಲಿಗೆ ಬರುವುದು ಅಪ್ಪಯ್ಯನ ಕಾಲದ ಕ್ರಮ. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ನಗು. ನಾನು ಮಾಲೀಕ ಎಂಬುದನ್ನು ಅವಳು ಯಾವತ್ತೂ ಪೂರ್ತಿ ನಂಬಿದವಳಲ್ಲ. ಅವತ್ತು ನಾನು ಮಿಲ್ಲಿನ ಆಫೀಸಿನಲ್ಲಿ ಕುಳಿತು ಫೋನಿನಲ್ಲಿ ಗುಡ್ಡ ಏರುವುದನ್ನು ನೋಡುತ್ತಿದ್ದೆ. ಹೊರಗೆ ಕಾಯಿ ಒಡೆಯುವ ಸದ್ದು, ಹೋಳುಗಳನ್ನು ಬುಟ್ಟಿಗೆ ತುಂಬುವ ಸದ್ದು, ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವ ಸದ್ದು. ಎಷ್ಟೋ ವರ್ಷಗಳಿಂದ ಕೇಳಿ ಕೇಳಿ ಅಭ್ಯಾಸವಾದ ಸದ್ದು. ಕಿವಿಗೆ ಬಿದ್ದರೂ ಮನಸ್ಸಿಗೆ ಹೋಗಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲ ಸದ್ದೂ ನಿಂತಿತು. ಮೆಟ್ಟಿಲ ತುದಿಯಿಂದ ಗಿರಿಜಕ್ಕನ ಸ್ವರ ಇಳಿದು ಬಂತು: “ಹ್ವಾಯ್ ಹೊಳ್ರೆ, ಇಲ್ಲ್ ಮೇಲ್ ಯಾರೋ ಗಾಜಿನ್ ಮಂಚ ಹಾಕಿ ಇಟ್ಟಿದ್ರ್. ಕೊಬ್ರಿ ಎಲ್ಲ್ ಒಣ್ಗ್ಸುದ್?”

ಅಪ್ಪಯ್ಯ ಯಾಕೆ ಹಟ ಹಿಡಿದು ಕಾಂಕ್ರೀಟು ಹಾಕಿಸಿದರು ಎಂಬುದು ಆಗ, ಅಷ್ಟೆಲ್ಲ ಆದ ಮೇಲೆ, ನೆನಪಾಯಿತು. ಓಡಿ ಮೇಲೆ ಹೋದೆ. ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ನಿಂತಿದ್ದರು. ಪ್ಯಾನೆಲಿನ ಮೇಲೆ ಕಾಗೆಗಳೂ ಸಾಲಾಗಿ ಕುಳಿತಿದ್ದವು. ಎರಡೂ ಸಾಲು ನನ್ನನ್ನೇ ನೋಡುತ್ತಿದ್ದವು.

ಸಿಟ್ಟು ಮಾಡಲು ಯಾರಾದರೂ ಬೇಕಲ್ಲ. ನೆಟ್ಟಗೆ ಮನೆಯೊಳಗೆ ಹೋಗಿ, ನಾನು ಮರೆತೆ ಸರಿ, ನಿನಗಾದರೂ ನೆನಪು ಬೇಡವೇ ಎಂದು ವಾರಿಜಳ ಮೇಲೆ ಹಾರಿದೆ. ಅವಳು ಶಾಂತವಾಗಿ, “ನಾನ್ ಕೇಂಡಿದ್ದೆ. ನೀವ್ ಇನ್ವರ್ಟರ್ ವಿಷ್ಯ ಹೇಳಿದ್ರಿ,” ಎಂದಳು. ಬೇರೆ ಎಲ್ಲೋ ಜಾಗ ಮಾಡಿಕೊಂಡಿರಬಹುದು, ಇಷ್ಟು ಓದಿ ತಿಳಿದುಕೊಂಡ ಮನುಷ್ಯ ಅಷ್ಟು ಯೋಚಿಸದೆ ಇರುತ್ತಾನೆಯೇ ಎಂದು ಅವಳು ಸುಮ್ಮನಾಗಿದ್ದಳಂತೆ. ನನ್ನ ಬುದ್ಧಿಯ ಮೇಲೆ ಅವಳಿಗೆ ನಂಬಿಕೆ ಹುಟ್ಟಿದ್ದು ಅದೊಂದೇ ಸಲ, ಅದೂ ಇಂಥ ಹೊತ್ತಿನಲ್ಲಿ.

ನಗೆಯಾಟದ ಮಾತಲ್ಲ, ನನಗೆ ನಿಜವಾಗಿ ಹೆದರಿಕೆಯಾಯಿತು. ನಮ್ಮದು ದೊಡ್ಡ ಮಿಲ್ಲೇನಲ್ಲ. ಬಣ್ಣದ ಬಾಟಲಿಯ ಎಣ್ಣೆ ಅಂಗಡಿ ಅಂಗಡಿಯಲ್ಲಿ ಸಿಗುವಾಗಲೂ ಜನ ತಮ್ಮ ಡಬ್ಬ ಹಿಡಿದು ನಮ್ಮಲ್ಲಿಗೆ ಬರುವುದು ಆ ಒಂದು ಪರಿಮಳಕ್ಕೆ. ಬಾಣಂತಿ ಮನೆಯವರು ಬರುತ್ತಾರೆ. ಬಣ್ಣ ತೆಗೆಯಲು ಇದೇ ಆಗಬೇಕು ಎಂದು ಯಕ್ಷಗಾನ ಮೇಳದವರು ಬರುತ್ತಾರೆ. ಆ ಪರಿಮಳ ಬರುವುದು ಬಿಸಿಲಿನಿಂದ. ಬಿಸಿಲು ತಪ್ಪಿದರೆ ಅಪ್ಪಯ್ಯನ ಬೋರ್ಡು ಇಳಿಸಬೇಕು. ಮೇಲಾಗಿ ಗಿರಿಜಕ್ಕನ ತಂಡದವರು ಗೇರುಬೀಜದ ಕಾರ್ಖಾನೆಯಿಂದ ಬಂದ ಕರೆಯನ್ನು ಬೇಡವೆಂದು ಬಿಟ್ಟು, ನಮ್ಮ ಮೇಲಿನ ಭರವಸೆಯಿಂದ ಬಂದವರು. ಬುಟ್ಟಿ ಇಳಿಸಿ ಮನೆಗೆ ಹೋಗಿ ಎಂದು ಅವರಿಗೆ ಯಾವ ಬಾಯಿಯಲ್ಲಿ ಹೇಳುವುದು?

ಮೊದಲ ದಿನ ಗಿರಿಜಕ್ಕ ಪ್ಯಾನೆಲುಗಳ ಅಡಿಯಲ್ಲಿ ಹೋಳು ಹರಡಿಸಿ ನೋಡಿದಳು. ಬಿಸಿಲನ್ನು ಒಂದು ಹನಿಯೂ ಕೆಳಗೆ ಬಿಡದಂತೆ ಹೀರುವುದೇ ಆ ಪ್ಯಾನೆಲುಗಳ ಉದ್ಯೋಗ. ನಾನೇ ಊರಿಗೆಲ್ಲ ಹೇಳಿದ್ದೆ. ಹೋಳಿಗೆ ಬೂಷ್ಟು ಬಂತು. ಆಮೇಲೆ ಸಾಲುಗಳ ನಡುವೆ ಓಡಾಡಲು ಬಿಟ್ಟ ಕಿರಿದಾದ ಹಾದಿಯಲ್ಲಿ ಇಟ್ಟೆವು. ಅಲ್ಲಿ ಬೀಳುವ ಬಿಸಿಲು ಒಂದು ಪಟ್ಟೆಯಷ್ಟು, ಅದೂ ನಿಂತಲ್ಲಿ ನಿಲ್ಲದು. ಬಿಸಿಲು ಸರಿದ ಹಾಗೆ ಹೋಳುಗಳನ್ನೂ ಸರಿಸುತ್ತಾ ಹೆಂಗಸರು ದಿನವಿಡೀ ಕುಕ್ಕರಗಾಲಿನಲ್ಲಿ ಪಡುವಣಕ್ಕೂ ಮೂಡಣಕ್ಕೂ ತೆವಳಿದರು. ಸಂಜೆ ಗಿರಿಜಕ್ಕ ಸೊಂಟ ಹಿಡಿದುಕೊಂಡು ಇಳಿದು ಬಂದು, ಕೊಬ್ಬರಿ ಒಣಗಲಿಲ್ಲ, ನಾವು ಮಾತ್ರ ಒಣಗಿದೆವು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಆಗ ನನಗೆ ಮತ್ತೆ ಅಂಗೈ ತುರಿಸಿತು. ಕರೆಂಟಿನ ಡ್ರೈಯರು! ದೊಡ್ಡ ಕಪಾಟಿನ ಹಾಗೆ ಇರುತ್ತದೆ, ಒಳಗೆ ತಟ್ಟೆ ತಟ್ಟೆಯಾಗಿ ಕೊಬ್ಬರಿ ಇಟ್ಟು ಬಾಗಿಲು ಹಾಕಿದರೆ ಆಯಿತು. ಕರೆಂಟಂತೂ ನಮ್ಮದೇ. ಪರೀಕ್ಷೆಗೆಂದು ಒಂದನ್ನು ತರಿಸಿದೆ. ವಾರಿಜಳ ಎದುರು ಕಾಗದದ ಮೇಲೆ ಚಿತ್ರ ಬರೆದೆ: ಬಿಸಿಲು ಪ್ಯಾನೆಲಿಗೆ, ಪ್ಯಾನೆಲಿನಿಂದ ಇನ್ವರ್ಟರಿಗೆ, ಇನ್ವರ್ಟರಿನಿಂದ ಡ್ರೈಯರಿಗೆ, ಡ್ರೈಯರಿನಿಂದ ಕೊಬ್ಬರಿಗೆ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ಮುಂಚೆ ಕೊಬ್ರಿ ಒಣ್ಗ್ಸ್ತಿದ್ದದ್ ಬಿಸ್ಲೇ ಅಲ್ದಾ?”

“ಹೌದ್.”

“ಈಗ್ಲೂ ಒಣ್ಗ್ಸುದ್ ಬಿಸ್ಲೇ?”

“ಹೌದ್.”

“ಮತ್ತೆ ನಡುಗೆ ಇಷ್ಟೆಲ್ಲ ಎಂತಕೆ?”

ನಾನು ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ಡ್ರೈಯರು ಕೆಲಸವೇನೋ ಚೆನ್ನಾಗಿಯೇ ಮಾಡಿತು. ಆದರೆ ಆ ಕಪಾಟಿನ ಹೊಟ್ಟೆ ಗಾಣದ ಮೋಟಾರಿಗಿಂತ ದೊಡ್ಡದು. ಪ್ಯಾನೆಲು ಮಾಡಿದ ಕರೆಂಟನ್ನೆಲ್ಲ ನುಂಗಿ, ಸಾಲದೆ ಹೊರಗಿನದನ್ನೂ ಎಳೆದುಕೊಂಡಿತು. ಸಂಜೆ ಶೀನ ಶೆಟ್ಟರ ಫೋನು ಬಂದರೆ, ಎಣ್ಣೆ ಅಳೆಯುತ್ತಿದ್ದೇನೆ ಎಂದು ವಾರಿಜಳಿಂದ ಹೇಳಿಸತೊಡಗಿದೆ. ಅದಾದರೂ ಹೋಗಲಿ. ಆ ಕೊಬ್ಬರಿಯ ಮೊದಲ ಎಣ್ಣೆ ಇಳಿದ ದಿನವೇ ರತ್ನಾವತಿ ಟೀಚರು ಸ್ಟೀಲಿನ ಡಬ್ಬ ಹಿಡಿದು ಬಂದರು. ನನಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿಸಿದವರು. ಈಗಲೂ ಅವರು ಬಂದರೆ ನಾನು ಎದ್ದು ನಿಲ್ಲುತ್ತೇನೆ. ಪ್ರತಿವರ್ಷ ಹೊಸ ಕೊಬ್ಬರಿಯ ಎಣ್ಣೆಯನ್ನು ಮೊದಲು ಒಯ್ಯುವವರು ಅವರೇ, ಅಪ್ಪಯ್ಯನ ಕಾಲದಿಂದಲೂ. ಡಬ್ಬ ತುಂಬಿಸಿ ಕೊಟ್ಟೆ. ಟೀಚರು ಮುಚ್ಚಳ ತೆಗೆದು, ಕನ್ನಡಕ ಸರಿಮಾಡಿಕೊಂಡು, ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು. ನನ್ನ ಪರೀಕ್ಷೆಯ ಪೇಪರು ತಿದ್ದುವಾಗ ಅವರ ಮುಖ ಹೀಗೆಯೇ ಇರುತ್ತಿತ್ತು.

“ಎಣ್ಣೆ ಒಳ್ಳೇದೇ ಇತ್ತ್ ಅನಂತ,” ಎಂದರು. “ಆರೆ ಇದ್ ನಿಮ್ಮನಿ ಎಣ್ಣೆ ಅಲ್ಲ ಮಾರಾಯ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಡಬ್ಬವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ನಿಮ್ಮದು ಆದಾಗ ಹೇಳು, ಬರುತ್ತೇನೆ ಎಂದು ಹೊರಟರು. ಹೊರಗೆ ಹೋಗುವಾಗ ಕತ್ತೆತ್ತಿ ಬೋರ್ಡಿನ ಕಡೆ ನೋಡಿದರು. ಅವರ ಹಿಂದೆ ನಿಂತು ನಾನೂ ನೋಡಿದೆ. ಎಷ್ಟೋ ವರ್ಷಗಳ ಮೇಲೆ ಅವತ್ತು ಅದನ್ನು ಪೂರ್ತಿ ಓದಿದೆ.

ಡ್ರೈಯರು ಮರುದಿನವೇ ಬಂದ ದಾರಿಯಲ್ಲಿ ಹಿಂದೆ ಹೋಯಿತು. ಉಳಿದದ್ದು ಒಂದೇ ಜಾಗ, ವಾರಿಜಳ ಅಂಗಳ. ವಾರಿಜಳ ಅಂಗಳ ಎಂದರೆ ಅದು ಅಂತಿಂಥದ್ದಲ್ಲ. ನನ್ನ ಉಮೇದಿನ ಯಾವ ವಸ್ತುವನ್ನೂ ಮೆಟ್ಟಲು ಬಿಡುವುದಿಲ್ಲ ಎಂದು ಅವಳು ಹಟ ಮಾಡಿ ಇಂಟರ್‌ಲಾಕ್ ಹಾಕಿಸಿದ ಜಾಗ. ಒಂದು ಬದಿಯಲ್ಲಿ ಹೆಮ್ಮಾಡಿಯಿಂದ ತಂದ ಸೇವಂತಿಗೆ ಕುಂಡಗಳು, ಇನ್ನೊಂದು ಬದಿಯಲ್ಲಿ ನಮ್ಮ ಕಾರು, ನಡುವೆ ತುಳಸಿಕಟ್ಟೆ. ಇಡೀ ದಿನ ಧಾರಾಳ ಬಿಸಿಲು. ನಾನು ಈ ಸಲ ಕಣ್ಣು ಅರಳಿಸದೆ, ತಲೆ ತಗ್ಗಿಸಿಕೊಂಡು ಅವಳ ಎದುರು ಹೋಗಿ ನಿಂತೆ. ಅವಳು ಕೂರಲಿಲ್ಲ, ನಿಂತೇ ಕೇಳಿದಳು. ಟೀಚರ ಡಬ್ಬದ ವಿಷಯ ಅವಳಿಗೆ ಆಗಲೇ ಗೊತ್ತಿತ್ತು. ಅಂಗಳ ಕೊಡುತ್ತೇನೆ, ಆದರೆ ಕಾರು ಹೊರಗೆ ಹೋಗಬೇಕು, ಸೇವಂತಿಗೆ ಕುಂಡ ಒಂದೂ ಅಲುಗಬಾರದು, ಕಾಗೆ ಕೊಬ್ಬರಿ ಕಚ್ಚಿಕೊಂಡು ಬಂದು ತುಳಸಿಕಟ್ಟೆಯಲ್ಲಿ ಬೀಳಿಸಬಾರದು ಎಂದಳು. ಕಾಗೆಯನ್ನು ಯಾರು ನೋಡಿಕೊಳ್ಳುವುದು ಎಂದು ನಾನು ಕೇಳಿದೆ. ಗಿರಿಜಕ್ಕನ ಹೆಂಗಸರಿಗೆ ಒಡೆಯುವ, ಹರಡುವ, ಮಗುಚುವ ಕೆಲಸವೇ ಸಾಕಷ್ಟಿತ್ತು. ಅಷ್ಟರಲ್ಲಿ ಗಿರಿಜಕ್ಕ ಹೊರಗಿನಿಂದಲೇ, “ಹೊಳ್ರ್ ಹ್ಯಾಂಗೂ ಇಡೀ ದಿನ ಫೋನ್ ಕಂಡ್ಕಂಡ್ ಕೂಕಂತ್ರಲೆ. ಅದೇ ಕೂಕಂಬುದ್ ಅಂಗ್ಳದಗೆ ಕೂಕಂಡ್ರಾಯ್ತ್,” ಎಂದಳು. ಹೆಂಗಸರೆಲ್ಲ ನಕ್ಕರು. ವಾರಿಜ ನಗಲಿಲ್ಲ, ಒಳಗೆ ಹೋಗಿ ಒಂದು ಉದ್ದ ಕೋಲು ತಂದು ನನ್ನ ಕೈಗೆ ಕೊಟ್ಟಳು.

ಹಾಗೆ ಶುರುವಾಯಿತು ನನ್ನ ಹೊಸ ಉದ್ಯೋಗ. ಬೆಳಿಗ್ಗೆ ತಿಂಡಿ ಮುಗಿಸಿ, ತಲೆಗೆ ಬೈರಾಸು ಸುತ್ತಿಕೊಂಡು, ಪ್ಲಾಸ್ಟಿಕ್ ಕುರ್ಚಿ ಹಾಕಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಫೋನು. ಫೋನಿನಲ್ಲಿ ಗುಡ್ಡ ಏರಿದ ಹಾಗೆ ನನ್ನ ನೆತ್ತಿಯೂ ಕಾಯುತ್ತದೆ. ಫೋನು ನೋಡಿದರೆ ಕಾಗೆ ತಪ್ಪುತ್ತದೆ, ಕಾಗೆ ನೋಡಿದರೆ ಗುಡ್ಡ ತಪ್ಪುತ್ತದೆ. ಕಾರು ಪಕ್ಕದವರ ತೆಂಗಿನ ಮರದ ಬುಡದಲ್ಲಿ ನಿಂತಿದೆ. ಮೊನ್ನೆ ಅದರ ಮೇಲೆ ಒಂದು ಮಡಲು ಬಿತ್ತು, ನಾನು ಯಾರ ಹತ್ತಿರವೂ ಹೇಳಲಿಲ್ಲ. ಆದರೆ ಅಂಗಳದ ಕೊಬ್ಬರಿ ಅರಿಶಿನ ಬಣ್ಣಕ್ಕೆ ತಿರುಗಿ ಪರಿಮಳ ಏಳತೊಡಗಿದಾಗ ನನ್ನ ಮನಸ್ಸಿಗೆ ಬಂದ ಖುಷಿ, ನಿಜ ಹೇಳುತ್ತೇನೆ, ಮೊದಲ ದಿನ ಸ್ವಿಚ್ಚು ಒತ್ತಿದ್ದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿರಲಿಲ್ಲ. ಗಾಣ ಮೇಲಿನ ಬಿಸಿಲಿನಿಂದ ತಿರುಗಿತು, ಕೊಬ್ಬರಿ ಕೆಳಗಿನ ಬಿಸಿಲಿನಿಂದ ಒಣಗಿತು. ಎಣ್ಣೆ ಇಳಿಯಿತು. ಟೀಚರಿಗೆ ಹೇಳಿ ಕಳುಹಿಸಿದೆ. ಅವರು ಬಂದು, ಮುಚ್ಚಳ ತೆಗೆದು, ಒಂದೇ ಸಲ ಮೂಗಿಗೆ ಹಿಡಿದರು. ಬೆರಳು ಅದ್ದಿ, ಹನಿಯೆಣ್ಣೆಯನ್ನು ತಮ್ಮ ನೆತ್ತಿಗೆ ತಟ್ಟಿಕೊಂಡು, ಮತ್ತೊಮ್ಮೆ ಬೆರಳು ಅದ್ದಿ, ಬಿಸಿಲಿಗೆ ಕರಿಕಾಗಿದ್ದ ನನ್ನ ನೆತ್ತಿಗೂ ತಟ್ಟಿದರು. ನಾಲ್ಕನೇ ಕ್ಲಾಸಿನಲ್ಲಿ ಕೂಡ ನಾನು ಅಷ್ಟು ದೊಡ್ಡ ಮಾರ್ಕು ತೆಗೆದವನಲ್ಲ. ಕಣ್ಣಲ್ಲಿ ನೀರು ಬಂತು, ಎಣ್ಣೆ ಇಳಿಯಿತು ಎಂದು ಒರೆಸಿಕೊಂಡೆ.

ಕಳೆದ ವಾರ ಪ್ರದೀಪ ಬೈಂದೂರಿನ ಗೇರುಬೀಜದ ಕಾರ್ಖಾನೆಯ ಮಾಲೀಕರೊಬ್ಬರನ್ನು ನಮ್ಮ ಸೋಲಾರ್ ತೋರಿಸಲು ಕರೆತಂದ. ನಾನು ಕೋಲು ಹಿಡಿದುಕೊಂಡೇ ಅವರನ್ನು ತಾರಸಿಗೆ ಹತ್ತಿಸಿ ಎಲ್ಲ ವಿವರಿಸಿದೆ. ಅವರ ಕಣ್ಣು ಅರಳುವುದು ಕಂಡಿತು; ಆ ರೋಗದ ಲಕ್ಷಣ ನನಗೆ ಗೊತ್ತು. ತಮ್ಮ ಕಾರ್ಖಾನೆಯಲ್ಲೂ ಕಾಂಕ್ರೀಟಿನ ದೊಡ್ಡ ತಾರಸಿ ಖಾಲಿ ಬಿದ್ದಿದೆ, ಪೂರ್ತಿ ಹಾಕಿಸುತ್ತೇನೆ ಎಂದರು. ಮಳೆಗಾಲದಲ್ಲಿ ಮಾತ್ರ ಖಾಲಿಯೋ, ಯಾವಾಗಲೂ ಖಾಲಿಯೋ ಎಂದು ನಾನು ಕೇಳಿದೆ. ಅವರು ಉತ್ತರ ಕೊಡಲು ಬಾಯಿ ತೆರೆದು, ಅಂಗಳದ ಕೊಬ್ಬರಿಯನ್ನೂ ನನ್ನ ಕೋಲನ್ನೂ ನೋಡಿ, ಹಾಗೆಯೇ ನಿಂತರು. ಹಸಿ ಗೇರುಬೀಜ ಎಲ್ಲಿ ಒಣಗುತ್ತದೆ ಎಂದು ಅವರಿಗೆ ನೆನಪಾಗಿರಬೇಕು. ಮೆಟ್ಟಿಲಿಳಿದು, ಕಾರು ಹತ್ತುವ ಮೊದಲು ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಒಬ್ಬನನ್ನಾದರೂ ಉಳಿಸಿದೆ ಎಂಬ ಸಮಾಧಾನದಿಂದ ನಾನು ಕುರ್ಚಿಗೆ ಬಂದು ಕುಳಿತೆ. ವಾರಿಜ ಮಜ್ಜಿಗೆ ಲೋಟ ಹಿಡಿದು ಬಂದವಳು ಬಿಸಿಲಿಗೆ ಕಪ್ಪಾದ ನನ್ನ ಮುಖ ನೋಡಿ, “ಸೋಲಾರ್ ಹಾಕ್ಸದ್ ಮಿಲ್ಲಿಗಾ, ನಿಮ್ಗಾ?” ಎಂದಳು. ಅಷ್ಟು ಹೊತ್ತಿಗೆ ಒಂದು ಕಾಗೆ ಇಳಿದು ದೊಡ್ಡ ಹೋಳೊಂದನ್ನು ಎತ್ತಿಕೊಂಡು ಹೋಯಿತು. ನಾನು ಕೋಲು ಬೀಸುತ್ತಾ ಗೇಟಿನವರೆಗೆ ಓಡಿ, ಏದುಸಿರು ಬಿಡುತ್ತಾ ಹಿಂದೆ ಬಂದೆ.

ಪ್ರದೀಪನಿಗೆ ನನ್ನ ಅವಸ್ಥೆ ಕಂಡು ಮರುಕವಾಯಿತೋ ಏನೋ. ಕಾರಿನ ಹತ್ತಿರ ಹೋದವನು ತಿರುಗಿ ಬಂದು, ಸರ್, ಈಗ ಕಾಗೆ ಓಡಿಸುವ ಯಂತ್ರ ಬಂದಿದೆ, ತನ್ನಷ್ಟಕ್ಕೆ ತಿರುಗುತ್ತಾ ಸದ್ದು ಮಾಡುತ್ತದೆ, ಸೋಲಾರಿನಲ್ಲೇ ನಡೆಯುತ್ತದೆ, ಫೋನಿನಲ್ಲೂ ನೋಡಬಹುದು, ಅಂಗಳದ ನಡುವೆ ಸ್ವಲ್ಪ ಖಾಲಿ ಜಾಗ ಇದ್ದರೆ ಸಾಕು ಎಂದ.

ನಾನು ಬಲ ಅಂಗೈಯನ್ನು ಮೆಲ್ಲಗೆ ಕೋಲಿಗೆ ಉಜ್ಜಿದೆ, ಅಷ್ಟೆ. ವಾರಿಜ ಮಜ್ಜಿಗೆ ಲೋಟವನ್ನು ಕೆಳಗಿಟ್ಟು, ತುಳಸಿಕಟ್ಟೆಯ ಅಂಚಿನಲ್ಲಿ ಕುಳಿತುಕೊಂಡಳು.